ಮುಖ ಕಾಣದ ತಾಟು

ಕಲಾಯಿಗೆ ಉದುರಿಸಿದ ನವಸಾಗರದ ಬಿಳಿ ಹೊಗೆ ಮೂಗಿಗೆ ಬಡಿದದ್ದೇ ತಡ, ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಬೆಳಗಿನಿಂದ ಕೊರೆಯುತ್ತಿದ್ದ ಯೋಚನೆ ಮೆಹಬೂಬಸುಭಾನಿಯ ತಲೆಯಿಂದ ಸ್ವಲ್ಪ ಹೊತ್ತು ಹಿಂದೆ ಸರಿಯಿತು. ಎಷ್ಟೋ ವರ್ಷಗಳ ಮೇಲೆ ಮನೆಯ ಮುಂದೆ ಕುಳಿ ತೋಡಿ, ಇದ್ದಿಲು ತುಂಬಿ, ಅಟ್ಟದ ಮೇಲೆ ಬಿದ್ದಿದ್ದ ತಿದಿಯನ್ನು ಇಳಿಸಿ, ತಾಮ್ರದ ದೊಡ್ಡ ತಾಟನ್ನು ಬೆಂಕಿಯ ಮೇಲೆ ಇಟ್ಟಿದ್ದ. ರೋಣದ ಬಸ್ ಸ್ಟ್ಯಾಂಡಿನ ಹತ್ತಿರದ ಅವನ ಸ್ಟೀಲ್ ಪಾತ್ರೆ ಅಂಗಡಿ ಇವತ್ತು ಬಾಗಿಲು ತೆಗೆದಿರಲಿಲ್ಲ. ಸ್ಟೀಲಿಗೆ ಕಲಾಯಿ ಬೇಡ, ತಿಕ್ಕುವವರಿಗೆ ತ್ರಾಸಿಲ್ಲ. ಊರೂರಿಗೆ ಹೋಗಿ ಕಲಾಯಿ ಹಾಕುತ್ತಿದ್ದವನ ಮಗ ಸ್ಟೀಲ್ ಮಾರಿ ಹೊಟ್ಟೆ ಹೊರೆಯುತ್ತಿದ್ದಾನೆಂದರೆ ಅಪ್ಪ ಇದ್ದಿದ್ದರೆ ಮುಖಕ್ಕೇ ಉಗಿಯುತ್ತಿದ್ದ. ಅಂಗಡಿಯಲ್ಲಿ ಏನೇ ಮಾರಲಿ, ಮನೆಯಲ್ಲಿ ಉಣ್ಣುವುದು ಮಾತ್ರ ಅಪ್ಪನ ಈ ತಾಟಿನಲ್ಲೇ ಎಂಬ ಹಟವನ್ನು ಅವನು ಬಿಟ್ಟಿರಲಿಲ್ಲ. ಸುತ್ತ ಐದಾರು ಮಂದಿ ಆರಾಮಾಗಿ ಕೂರುವಷ್ಟು ಅಗಲ. ಈಗ ಕೂರುವವರು ಮೂವರೇ: ಅವನು, ಹೆಂಡತಿ ಶರೀಫಾಬಿ, ಮಗಳು ನಾಹೀದ. ಹೋದ ಮಳೆಗಾಲದಲ್ಲಿ ಒಮ್ಮೆ ನಾಹೀದ, ‘ಅಬ್ಬಾ, ತಾಟು ಕಿಲುಬು ನಾರತದ, ನನಗ ಊಟ ಬ್ಯಾಡ’ ಅಂದಿದ್ದಳು. ನಾಳೆ ನೋಡಿದರಾಯಿತು ಎಂದು ಅವನು ಮುಂದೂಡಿದ್ದ. ನಿನ್ನೆ ಗದಗಿನ ದವಾಖಾನೆಯಿಂದ ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಡಲೆ ಹೊಲಗಳನ್ನು ನೋಡುತ್ತ ಕೂತವನಿಗೆ ಆ ಒಂದು ಮಾತು ನೆನಪಾಗಿ, ಮುಳುಗುವವನ ಕೈಗೆ ಹಗ್ಗ ಸಿಕ್ಕಂತಾಗಿತ್ತು. ಮಗಳಿಗೆ ಮನಸ್ಸಿನ ರೋಗ ಅಂತಾರಲ್ಲ ಡಾಕ್ಟರಮ್ಮ. ಮನಸ್ಸನ್ನು ಏನು ಮಾಡಬೇಕು ಅಂತ ಅವನಿಗೆ ಗೊತ್ತಿರಲಿಲ್ಲ, ಕಿಲುಬನ್ನು ಏನು ಮಾಡಬೇಕು ಅಂತ ಗೊತ್ತಿತ್ತು.

ಹೊಸ್ತಿಲಲ್ಲಿ ನಿಂತ ಶರೀಫಾಬಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ‘ಡಾಕ್ಟರ ಏನ ಹೇಳಿದ್ರು, ನೀವು ಏನ ಮಾಡಾಕತ್ತೀರಿ? ನಾಹೀದಗ ಬ್ಯಾರೆ ತಾಟಿನಾಗ ಹಾಕಿಕೊಡ್ರಿ ಅಂದ್ರಲ್ಲ?’

‘ಬ್ಯಾರೆ ತಾಟು ಕೊಡತೀಯೇನ ಮತ್ತ?’

ಶರೀಫಾಬಿಯ ಸೆರಗು ಮೂಗಿನಿಂದ ಕಣ್ಣಿಗೆ ಹೋಯಿತು. ನಿನ್ನೆ ಬಸ್ಸಿನಲ್ಲಿ ಕಣ್ಣೀರು ಹಾಕಿ, ‘ಹೆತ್ತ ಮಗಳನ್ನ ಬ್ಯಾರೆ ಇಡೂದಂದ್ರ ಹ್ಯಾಂಗ್ರಿ’ ಎಂದವಳೂ ಅವಳೇ. ಅವರ ಮನೆತನದಲ್ಲಿ ತಾಟು ಬೇರೆಯಾಗುವುದೆಂದರೆ ಅಣ್ಣತಮ್ಮಂದಿರು ಹೊಡೆದಾಡಿ ಹಿಸೆ ಆದಾಗ, ಇಲ್ಲವೇ ಯಾರಿಗಾದರೂ ಅಂಟುರೋಗ ಬಂದಾಗ. ಗಜೇಂದ್ರಗಡದ ಹಳೆಯ ಮನೆಯಲ್ಲಿ ಚಿಕ್ಕಪ್ಪ ಬೇರೆಯಾದ ದಿನ ಅಪ್ಪ ಇದೇ ತಾಟಿನ ಮುಂದೆ ಕೂತು, ತನ್ನ ತಮ್ಮ ಕೂರುತ್ತಿದ್ದ ಬದಿಯನ್ನು ಮುಟ್ಟದೆ ಉಂಡದ್ದು ಮೆಹಬೂಬಸುಭಾನಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದೇ ತಾಟಿನಲ್ಲಿ ಉಂಡವರ ನಡುವೆ ಮುಚ್ಚುಮರೆ ಇರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಅಪ್ಪನ ಮಾತನ್ನು ಅವನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದ.

ತಿದಿ ಒತ್ತಿದ. ಇದ್ದಿಲು ಕೆಂಪಗೆ ಉಸಿರಾಡಿತು. ಅಂಗೈಗೆ ಆ ಹಳೆಯ ಲಯ ಮರೆತೇ ಇರಲಿಲ್ಲ, ಒತ್ತು, ಬಿಡು, ಒತ್ತು, ಬಿಡು. ಅಂಗಡಿ ಹಾಕುವ ಮೊದಲಿನ ವರ್ಷಗಳಲ್ಲಿ ಸೈಕಲ್ಲಿನ ಹಿಂದೆ ತಿದಿ, ಮುಂದಿನ ನಳಿಕೆಯ ಮೇಲೆ ನಾಹೀದ. ಸಾಲಿಗೆ ಸೂಟಿ ಇದ್ದ ರಜೆಯ ದಿನ ಅವಳು ಮನೆಯಲ್ಲಿ ನಿಲ್ಲುತ್ತಿದ್ದರೆ ತಾನೆ! ಅಸೂಟಿ ಊರಿನ ಬೇವಿನ ಮರದ ಕೆಳಗೆ ಅವನು ಕುಳಿ ತೋಡುವಷ್ಟರಲ್ಲಿ ಅವಳು ಓಣಿ ಓಣಿ ತಿರುಗಿ, ‘ಕಲಾಯೀ... ತಾಮ್ರ ಹಿತ್ತಾಳಿಗೆ ಕಲಾಯೀ...’ ಎಂದು ಅವನಿಗಿಂತ ಗಟ್ಟಿಯಾಗಿ ಕೂಗಿ ಬರುತ್ತಿದ್ದಳು. ಯಾರೋ ಹಸಿ ಕಡಲೆಯ ಗಿಡ ಕೊಡುತ್ತಿದ್ದರು, ಕೆಲಸ ಮುಗಿದ ಮೇಲೆ ಅದೇ ಕೆಂಡದಲ್ಲಿ ಸುಟ್ಟು, ಬಾಯಿಯೆಲ್ಲ ಮಸಿ ಮಾಡಿಕೊಂಡು ತಿನ್ನುವಳು. ಬುತ್ತಿಯ ಕಟಕ ರೊಟ್ಟಿಯನ್ನು ಅವಳು ಮುರಿದರೆ ಊರಿಗೇ ಕೇಳಬೇಕು. ಬಾಯಿ ತುಂಬ ತುತ್ತು ಇಟ್ಟುಕೊಂಡೇ ಮಾತು. ಶರೀಫಾಬಿ ಬೈದು ಬೈದು ಸಾಕಾಗಿದ್ದಳು. ಒಂದು ಸಲ ಅಸೂಟಿಯ ಹಳ್ಳದಲ್ಲಿ ಯಾರದೋ ತಪೇಲಿ ತೊಳೆಯಲು ಹೋಗಿ ನೀರಿಗೆ ಬಿಟ್ಟಳು. ಅದು ತೇಲುತ್ತ ಹೊರಟಿತು. ಅಪ್ಪ ಮಗಳು ದಂಡೆಯುದ್ದಕ್ಕೂ ಓಡಿದ್ದೇ ಓಡಿದ್ದು, ಅವನ ಲುಂಗಿ ಜಾಲಿ ಮುಳ್ಳಿಗೆ ಸಿಕ್ಕಿ ಹರಿದು, ಅವಳು ನಕ್ಕೂ ನಕ್ಕೂ ನೆಲಕ್ಕೆ ಕೂತುಬಿಟ್ಟಿದ್ದಳು. ಆ ನಗು ಈ ಮನೆಯಿಂದ ಯಾವತ್ತು ಎದ್ದು ಹೋಯಿತು ಎಂಬುದನ್ನು ಅವನು ಗಮನಿಸಿರಲೇ ಇಲ್ಲ. ಅದೇ ಅವನನ್ನು ಹೆಚ್ಚು ಸುಡುತ್ತಿತ್ತು.

ಕಲಾಯಿ ಆದ ಪಾತ್ರೆಯನ್ನು ಮೊದಲು ನೋಡುವ ಹಕ್ಕು ಅವಳದಾಗಿತ್ತು. ಹೊಳೆಯುವ ತಳದಲ್ಲಿ ಅವಳ ಗುಂಡು ಮುಖ ಇನ್ನಷ್ಟು ಅಗಲವಾಗಿ, ಕೆನ್ನೆಗಳು ಕಿವಿಯತನಕ ಹರಡಿ ಕಾಣುತ್ತಿತ್ತು. ‘ನೋಡs, ಉಬ್ಬಿದ ರೊಟ್ಟಿ!’ ಎಂದು ಅವನು ಅನ್ನುವುದು, ಅವಳು ಕೆನ್ನೆ ಇನ್ನೂ ಉಬ್ಬಿಸುವುದು. ಆಮೇಲೆ ಅದೇ ಅವಳ ಹೆಸರಾಯಿತು. ‘ರೊಟ್ಟೀ, ನೀರ ತಾ.’ ‘ನಮ್ಮ ರೊಟ್ಟಿ ಹತ್ತನೆತ್ತೆದಾಗ ಫಸ್ಟ್ ಕ್ಲಾಸ್ ಬಂದಾಳ್ರಿ.’ ಮುದ್ದಿನ ಹೆಸರು. ಅದರಲ್ಲಿ ಮುದ್ದಲ್ಲದೆ ಬೇರೇನಿತ್ತು?

‘ಸುಭಾನಿ ತಮ್ಮಾ, ಕಲಾಯಿ ಮತ್ತ ಚಾಲೂ ಮಾಡೀಯೇನ?’ ಎದುರುಮನೆಯ ಮಾಳವ್ವ ಹಳೆಯ ಹಿತ್ತಾಳೆ ಚರಿಗೆಯೊಂದನ್ನು ಹಿಡಿದುಕೊಂಡೇ ಬಂದಿದ್ದಳು. ಹೊಗೆ ಕಂಡರೆ ಸಾಕು, ಮುದುಕಿ ಹಾಜರು.

‘ಇಲ್ಲ ಮಾಳಕ್ಕ, ಮನಿ ತಾಟು ಒಂದs.’

‘ಒಂದ ಆದ್ರ ಎರಡೂ ಆಗತಾವ, ಇದನ್ನೂ ಮಾಡಿಬಿಡು.’ ಚರಿಗೆಯನ್ನು ಕುಳಿಯ ಪಕ್ಕ ಇಟ್ಟು ಕುಕ್ಕರಗಾಲಲ್ಲಿ ಕೂತಳು. ‘ನಿನ್ನಿ ಗದಗಿಗೆ ಹೋಗಿದ್ರಂತ. ಏನಂದ್ರು ನಾಹೀದಗ? ಏನ ಸೊರಗ್ಯಾಳೋ ಯಪ್ಪಾ, ಗಾಳಿ ಬಂದ್ರ ಹಾರಿ ಹೋಗೂ ಹಂಗ ಆಗ್ಯಾಳ. ಲಗೂನ ಒಂದ ಮದುವಿ ಮಾಡಿಬಿಡ್ರಿ, ತಾನs ಮೈ ತುಂಬತಾಳ.’ ಆಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ‘ಮಗಳ ಮೈಯೆಲ್ಲ ನಿನಗ ಬಂದೈತಿ ನೋಡು. ಹೊಟ್ಟಿ ಎಷ್ಟ ಬಿಟ್ಟೀಯಲ್ಲ!’

ಅವನೂ ನಗಬೇಕಾಯಿತು. ನಕ್ಕ. ನಗುತ್ತಲೇ ಅಂಗಿಯನ್ನು ಕೆಳಗೆ ಎಳೆದುಕೊಂಡ. ಈ ಒಂದು ವರ್ಷದಲ್ಲಿ ಅವನ ಅಂಗಿಗಳೆಲ್ಲ ಬಿಗಿಯಾಗಿದ್ದವು. ವಯಸ್ಸಾಯಿತು, ಅಂಗಡಿಯಲ್ಲಿ ಕೂತು ಕೂತು ಬಂದ ಬೊಜ್ಜು ಎಂದುಕೊಂಡಿದ್ದ. ನಿನ್ನೆ ರಾತ್ರಿ ಅಂಗಳದಲ್ಲಿ ಮಲಗಿದಾಗ ಎಲ್ಲವೂ ಒಂದೊಂದಾಗಿ ತಿಳಿಯತೊಡಗಿತ್ತು. ಒಂದೇ ತಾಟು, ನಾಹೀದಳ ಬೆರಳು ಸುಮ್ಮನಿರುತ್ತಿರಲಿಲ್ಲ, ರೊಟ್ಟಿ ಚೂರು ಮಾಡುವುದು, ಪಲ್ಯ ಕಲೆಸುವುದು, ಬಾಯಿಯವರೆಗೆ ಕೈ ಒಯ್ಯುವುದು. ಆ ಕೈ ಸ್ವಲ್ಪ ಹೊತ್ತಿಗೆ ತಾಟಿನ ಅವನ ಬದಿಗೆ ಬಂದು ನಿಲ್ಲುತ್ತಿತ್ತು. ‘ಅಬ್ಬಾ, ಈ ತುಂಡ ನೀ ತಗೋ.’ ‘ಅಬ್ಬಾ, ಅನ್ನ ಉಳದದ, ನಿನ್ನ ಕಡೆ ಸರಸತೀನಿ.’ ಮಗಳಿಗೆ ತನ್ನ ಮೇಲೆ ಎಷ್ಟು ಅಂತಃಕರಣ ಎಂದು ಅವನು ಉಬ್ಬಿಹೋಗುತ್ತಿದ್ದ. ಅಂಗಡಿಗೆ ಬಂದವರ ಮುಂದೆ, ಗಂಡುಮಕ್ಕಳಿದ್ದವರೆಲ್ಲ ಬಂದು ನನ್ನ ಮಗಳನ್ನ ನೋಡಬೇಕು ಎಂದು ಹೇಳಿಕೊಂಡದ್ದೂ ಇದೆ. ತಾಟು ಖಾಲಿಯಾದರೆ ಎಲ್ಲರೂ ಉಂಡಂತೆ ಲೆಕ್ಕ. ದಿನವೂ ತಾಟು ಖಾಲಿಯಾಗುತ್ತಿತ್ತು. ಅವಳ ಪಾಲಿನ ಅನ್ನವನ್ನು, ಅವಳ ಕಣ್ಣೆದುರಿಗೇ, ಬೆರಳು ನೆಕ್ಕಿ ನೆಕ್ಕಿ ತಾನು ತಿಂದಿದ್ದ. ಹೊಟ್ಟೆಯ ಮೇಲೆ ಕೈ ಇಟ್ಟರೆ ಈಗ ಅದು ತನ್ನದಲ್ಲದ ಗಂಟಿನ ಹಾಗೆ ಭಾಸವಾಗುತ್ತಿತ್ತು.

ಮಾಳವ್ವ ಇನ್ನೂ ಏನೋ ಹೇಳುತ್ತಿದ್ದಳು. ಅವನು ಚರಿಗೆಯನ್ನು ಎತ್ತಿಟ್ಟುಕೊಂಡು ‘ಸಂಜಿಗೆ ಕೊಡತೀನಿ ಹೋಗು ಮಾಳಕ್ಕ’ ಎಂದು ಕಳಿಸಿದ.

ತಾಟು ಕಾದಿತ್ತು. ಇನ್ನಷ್ಟು ನವಸಾಗರದ ಪುಡಿ ಉದುರಿಸಿ ತವರದ ಕಡ್ಡಿಯನ್ನು ಮುಟ್ಟಿಸಿದ. ತವರ ಕರಗಿ ನೀರಾಗಿ ಓಡಾಡಿತು, ಅರಳೆಯ ಉಂಡೆಯಿಂದ ಅದನ್ನು ಅಂಚಿಗೆ ಎಳೆದ. ಕರಿ ಕಲೆಗಳು ಒಂದೊಂದೇ ಮುಳುಗಿದವು. ನಿನ್ನೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಬಾಗಲಕೋಟೆ ಕಡೆಯ ಮಾತು. ನಾಹೀದಳ ಜೊತೆ ಬಹಳ ಹೊತ್ತು ಒಬ್ಬರೇ ಮಾತಾಡಿ, ಆಮೇಲೆ ಇವರಿಬ್ಬರನ್ನೂ ಒಳಗೆ ಕರೆದಿದ್ದರು. ‘ಇದು ಹಟ ಅಲ್ರಿ, ಸೊಕ್ಕೂ ಅಲ್ಲ. ಬ್ಯಾನಿ. ಕೆಲವರು ಉಣ್ಣೂದನ್ನs ಬಿಡತಾರ. ಎಲುಬು ಕಂಡ್ರೂ ಕನ್ನಡಿ ಒಳಗ ಅವರಿಗೆ ಅವರು ದಪ್ಪನ ಕಾಣತಾರ. ಕೆಲವರು ಗಬಗಬ ತಿಂತಾರ, ಆಮ್ಯಾಲೆ ಹೆದರಿಕಿ ಬಂದು ಬೆರಳ ಹಾಕಿ ಕಾರಿಕೋತಾರ. ಇನ್ನ ಕೆಲವರು ಯಾರೂ ಇಲ್ಲದಾಗ ಹೊಟ್ಟಿ ಬಿರಿಯೂ ಹಂಗ ತಿಂತಾರ, ಬಿಡಬೇಕಂದ್ರೂ ಬಿಡಾಕ ಆಗಂಗಿಲ್ಲ, ತಿಂದು ಅಳತಾ ಕೂಡತಾರ. ಎಲ್ಲಾದಕ್ಕೂ ಮೂಲ ಮನಸಿನ್ಯಾಗ ಇರತದ. ನಿಮ್ಮ ಹುಡುಗಿದು ಮೊದಲನೇದು. ನಾಡಿ ಭಾಳ ಸಾವಕಾಶ ಹೊಡ್ಯಾಕತ್ತದ. ಮುಂದಿನ ಸಲ ಬರೂದ್ರೊಳಗ ತೂಕ ಇನ್ನೂ ಇಳೀತಂದ್ರ ಅಡ್ಮಿಟ್ ಮಾಡಬೇಕಾಗತದ, ಜೀವಕ್ಕs ಕುತ್ತು.’

ಜೀವಕ್ಕೆ ಎಂಬ ಮಾತಿನ ಮುಂದೆ ಅವನಿಗೆ ಸ್ವಲ್ಪ ಹೊತ್ತು ಏನೂ ಕೇಳಿಸಿರಲಿಲ್ಲ. ಕಿವಿಯಲ್ಲಿ ನಿಂತದ್ದು ಅದಕ್ಕೂ ಹಿಂದಿನ ಮಾತು. ಯಾರೂ ಇಲ್ಲದಾಗ ತಿಂದು ಅಳುತ್ತ ಕೂರುವವರು ಎಂದಾಗ, ಡಾಕ್ಟರಮ್ಮನ ಮೇಜಿನ ಆಚೆ ಗಜೇಂದ್ರಗಡದ ಮನೆಯ ಕತ್ತಲು ಕೋಣೆ ತೆರೆದುಕೊಂಡಿತ್ತು. ಅಕ್ಕ ಇಷ್ರತ, ಜೋಳದ ಚೀಲಗಳ ಸಂದಿಯಲ್ಲಿ, ಬೆಲ್ಲದ ಹೆಂಟೆ ಕೈಯಲ್ಲಿ, ಕಣ್ಣಲ್ಲಿ ನೀರು. ಅಮ್ಮ ಅವಳನ್ನು ಹೊಟ್ಟೆಬಾಕಿ ಎಂದು ಕರೆಯುತ್ತಿದ್ದಳು. ಕೊಬ್ಬರಿ ಕಡಿಮೆಯಾದರೆ, ಸಕ್ಕರೆ ಮುಗಿದರೆ ಏಟು ಬೀಳುತ್ತಿದ್ದದ್ದು ಅವಳ ಬೆನ್ನಿಗೇ. ಗಾಳಿ ಹಿಡಿದಿದೆ ಎಂದು ದರ್ಗಾಕ್ಕೆ ಒಯ್ದು ದಾರ ಕಟ್ಟಿಸಿದ್ದರು. ಅವಳೀಗ ನರಗುಂದದಲ್ಲಿ ಮೊಮ್ಮಕ್ಕಳ ಅಜ್ಜಿ. ಯಾವ ಮದುವೆಗೆ ಹೋದರೂ ಬಡಿಸುವ ಕೆಲಸ ಹಿಡಿದು ಓಡಾಡುತ್ತಾಳೆ, ಯಾರ ಜೊತೆಗೂ ತಾಟಿಗೆ ಕೂರುವುದಿಲ್ಲ. ಅದನ್ನೂ ಅವನು ನಿನ್ನೆಯವರೆಗೆ ಅವಳ ದೊಡ್ಡ ಗುಣ ಎಂದೇ ತಿಳಿದಿದ್ದ. ಪಾಪ ಅಕ್ಕ ಎಂದು ಈಗ ಅಂದುಕೊಂಡರೆ ಏನು ಬಂತು.

ನರಗುಂದದ ಮದುವೆಯ ಮಾತು ಬಂದದ್ದೂ ದವಾಖಾನೆಯ ಆ ಕೋಣೆಯಲ್ಲೇ. ಡಾಕ್ಟರಮ್ಮ ಕೇಳಿದ್ದಕ್ಕೆ ನಾಹೀದ ನೆಲ ನೋಡುತ್ತ ಹೇಳಿದ್ದಳು. ಹೋದ ವರ್ಷ ಇಷ್ರತಳ ಮೊಮ್ಮಗಳ ಮದುವೆಯಲ್ಲಿ ಹೆಂಗಸರ ತಾಟಿಗೆ ಇವಳು ಕೂರಲು ಹೋದಾಗ ಬೀಗರ ಕಡೆಯ ಯಾರೋ, ‘ಯವ್ವಾ, ಇಕಿ ಕೂತ ತಾಟಿನ್ಯಾಗ ನಮಗೇನ ಉಳೀತದ’ ಎಂದರಂತೆ. ಎಲ್ಲರೂ ನಕ್ಕರಂತೆ. ಮೆಹಬೂಬಸುಭಾನಿಗೆ ಆ ಮಾತು ಹೊಸದಲ್ಲ. ಅವತ್ತೇ ಗಂಡಸರ ಕಡೆಗೂ ಅದು ಹರಿದು ಬಂದಿತ್ತು. ಅವನೂ ಮೀಸೆಯಡಿ ನಕ್ಕು, ‘ನಮ್ಮ ರೊಟ್ಟಿ ಖಾನದಾನಿ ಊಟದಕಿ’ ಎಂದಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಅವಳನ್ನು ರೇಗಿಸಿಯೂ ಇದ್ದ. ಅದಾದ ಮೇಲೆ ಬಂದ ರಮಜಾನಿನಲ್ಲಿ ಒಂದು ರೋಜಾ ತಪ್ಪಿಸಲಿಲ್ಲ ಅವಳು. ರಮಜಾನ್ ಮುಗಿದ ಮೇಲೂ ಸೋಮವಾರ, ಗುರುವಾರ ಎಂದು ಉಪವಾಸ ಮುಂದುವರಿಸಿದಳು. ಓಣಿಯ ಹೆಂಗಸರು ಶರೀಫಾಬಿಗೆ, ‘ಪುಣ್ಯ ಮಾಡಿ ಹೆತ್ತೀ’ ಎಂದರು. ದೀನು, ಧರ್ಮ ತಿಳಿದ ಹುಡುಗಿ ಎಂದು ಗಂಡ ಹೆಂಡತಿ ಇಬ್ಬರೂ ಹಿಗ್ಗಿದರು. ಹಸಿವಿಗೂ ಇಬಾದತಿನ ಭಕ್ತಿಗೂ ನಡುವಿನ ಗೆರೆ ಅವಳೊಳಗೆ ಎಲ್ಲಿ ಅಳಿಸಿಹೋಗಿತ್ತೋ ದೇವರಿಗೇ ಗೊತ್ತು. ಕಾಲೇಜಿನ ಮೆಟ್ಟಿಲ ಮೇಲೆ ಬವಳಿ ಬಂದು ಬಿದ್ದಾಗಲೇ ಇವರಿಗೆ ಎಚ್ಚರವಾದದ್ದು.

ಬಿಸಿ ತಾಟನ್ನು ಇಕ್ಕಳದಲ್ಲಿ ಹಿಡಿದು ನೀರಿಗೆ ಅದ್ದಿದ. ಚೊಂಯ್ ಎಂದಿತು. ಮೇಲೆತ್ತಿ ಬಟ್ಟೆಯಿಂದ ಒರೆಸಿದಾಗ ತಾನೇ ಬೆರಗಾದ, ಕೈ ಇನ್ನೂ ಸತ್ತಿಲ್ಲ. ಬೇಸಿಗೆ ಹತ್ತಿರ ಬಂದ ಬಿಸಿಲು ಅದರಲ್ಲಿ ಬಿದ್ದು ಗೋಡೆಯ ಮೇಲೆಲ್ಲ ಬೆಳಕು ಆಡಿತು. ಅಪ್ಪನ ಕಾಲದಲ್ಲೂ ಇಷ್ಟು ಹೊಳಪು ಇತ್ತೋ ಇಲ್ಲವೋ. ಹುಡುಗುಬುದ್ಧಿ ಎನ್ನಿ, ಎದೆ ಡವಗುಟ್ಟುತ್ತಿತ್ತು. ಇದನ್ನು ನೋಡಿದರೆ ಅವಳು ಕೂತೇ ಕೂರುತ್ತಾಳೆ, ಒಂದು ತುತ್ತು, ಎರಡು ತುತ್ತು, ಆಮೇಲೆ ಎಲ್ಲ ಮೊದಲಿನ ಹಾಗೆ.

‘ನಾಹೀದಾ, ಬಾರವ್ವ ಇಲ್ಲಿ. ಏನ ಮಾಡೀನಿ ನೋಡು.’

ಅವಳು ಬಂದಳು. ಶೆಕೆಯ ದಿನವೂ ಮೈತುಂಬ ಸ್ವೆಟರ್, ಕಾಲಲ್ಲಿ ಕಾಲುಚೀಲ. ಚಳಿ ಆಗುತ್ತದೆ ಎನ್ನುತ್ತಿದ್ದಳು. ಬಾಗಿಲ ಚೌಕಟ್ಟು ಹಿಡಿದು ಕೆಳಗಿಳಿದಳು. ಅವನು ತಾಟನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದ, ಅಸೂಟಿಯ ಬೇವಿನ ಕೆಳಗೆ ಹಿಡಿಯುತ್ತಿದ್ದ ಹಾಗೆಯೇ. ‘ಕಿಲುಬಿಲ್ಲ, ಕಲಿ ಇಲ್ಲ. ಮುಖ ಕಾಣತದ ನೋಡು.’

ಅವಳು ನೋಡಿದಳು. ತಾಟಿನ ಬಾಗಿದ ತಳದಲ್ಲಿ ಅವಳ ಒಣಗಿದ ಮುಖ ಅಗಲವಾಗಿ, ಕೆನ್ನೆಗಳು ಕಿವಿಯತನಕ ಹರಡಿ ಕಾಣುತ್ತಿತ್ತು. ಬದಿಯಲ್ಲಿ ನಿಂತ ಅವನಿಗೂ ಅದು ಕಂಡಿತು. ಅವಳ ಕೈಗಳು ತಾವಾಗಿ ಕೆನ್ನೆಗೆ ಹೋದವು, ಇದ್ದ ಎಲುಬನ್ನು ಹಿಂಡಿ ನೋಡಿದವು.

‘ನೋಡಿದೇನ ಅಬ್ಬಾ?’ ಅಂದಳು, ಬಹಳ ಸಣ್ಣ ದನಿಯಲ್ಲಿ. ‘ನಾ ಹಿಂಗs ಇದ್ದೀನಿ. ನೀವೆಲ್ಲ ತೆಳ್ಳಗಾಗೀ ಅಂತ ಸುಳ್ಳ ಹೇಳತೀರಿ.’

‘ಇಲ್ಲವ್ವ, ಅದು ತಾಟು... ತಾಟಿನ ತಗ್ಗಿಗೆ ಹಂಗ...’

‘ಉಣ್ಣಾಕ ಕೂತಾಗೆಲ್ಲ ಅನ್ನದ ಅಡಿಯಾಗ, ಆ ಕಲಿ ನಡುವೂ ಇದs ಮುಖ ಕಾಣತಿತ್ತು. ಕಿಲುಬಂದ್ರ ನೀ ತಾಟು ಬಿಡತೀ ಅಂತ ಮಾಡಿದ್ದೆ.’

ಅವಳು ಒಳಗೆ ಹೋದಳು. ಅವನ ಕೈಯಲ್ಲಿ ತಾಟು ಉಳಿಯಿತು. ಕಿಲುಬು ವಾಸನೆ ಎಂದಿದ್ದು ಕಿಲುಬಿಗಲ್ಲ. ಅವಳು ಕೂಗಿ ಕರೆದಿದ್ದಳು, ಅವನು ನಾಳೆ ನೋಡಿದರಾಯಿತು ಎಂದಿದ್ದ, ಕೊನೆಗೆ ನೋಡಿದಾಗ ಅವಳು ಹೆದರುತ್ತಿದ್ದ ಮುಖವನ್ನೇ ಉಜ್ಜಿ ಉಜ್ಜಿ ಬೆಳಗಿ ಅವಳ ಮುಂದೆ ಹಿಡಿದಿದ್ದ. ಎಲುಬು ಕಂಡರೂ ಕನ್ನಡಿಯಲ್ಲಿ ಅವರಿಗೆ ಅವರು ದಪ್ಪನೆ ಕಾಣುತ್ತಾರೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರಲ್ಲ, ಎಲ್ಲಿಟ್ಟಿದ್ದೆ ತಲೆಯನ್ನು? ಅಂಗಡಿಯಲ್ಲಿ ಬೇರೆ ತಾಟುಗಳೇನು ಕಡಿಮೆ ಇದ್ದವೆ! ಆದರೆ ಸ್ಟೀಲಿನವು ಇದಕ್ಕಿಂತ ಕಡೆ, ಒಂದೊಂದೂ ಕನ್ನಡಿ. ತಾಟನ್ನು ಒಳಗೆ ಒಯ್ದು, ಹೊಳೆಯುವ ಮೈಯನ್ನು ಗೋಡೆಗೆ ಮಾಡಿ ಒರಗಿಸಿದ. ಮಸಿ ಹಿಡಿದ ಬೆನ್ನು ಈಚೆಗೆ ಬಂತು.

ಮಾಳವ್ವನ ಅಂಗಳಕ್ಕೆ ಹೋಗಿ ನಿಂತ. ‘ಮಾಳಕ್ಕ, ನಿಮ್ಮಲ್ಲಿ ಜರ್ಮನ್ ತಾಟು ಅದಾವೇನು? ಹಳೇವು, ಹೊಳಪು ಹೋದವು. ಮೂರು ಬೇಕಾಗಿದ್ದವು.’

ಮುದುಕಿ ಕಣ್ಣು ಅಗಲ ಮಾಡಿದಳು. ಅಲ್ಯುಮಿನಿಯಮ್ಮಿಗೆ ಈ ಸೀಮೆಯಲ್ಲಿ ಜರ್ಮನ್ ಎಂದೇ ಹೆಸರು. ಅದು ಬಂದ ಮೇಲೆಯೇ ಕಲಾಯಿಯವರ ಅನ್ನಕ್ಕೆ ಮಣ್ಣು ಬಿದ್ದದ್ದು. ಅವನಪ್ಪ ಜರ್ಮನ್ ಪಾತ್ರೆ ಇದ್ದ ಮನೆಯಲ್ಲಿ ನೀರು ಸಹ ಕುಡಿಯುತ್ತಿರಲಿಲ್ಲ. ‘ಜರ್ಮನ್ ಮುಟ್ಟಂಗಿಲ್ಲ ಅಂತ ನಮ್ಮ ಮನ್ಯಾಗ ಚಹಾ ವಾಪಸ ಕಳಿಸಿದ ಸಾಬ ನೀನs ಹೌದಲ್ಲೋ?’ ಅಂದಳು. ಮುಂದೆ ಇನ್ನೂ ಚೇಷ್ಟೆ ಮಾಡುವವಳಿದ್ದಳು, ಅವನ ಮುಖ ನೋಡಿ ಸುಮ್ಮನಾದಳು. ಒಳಗಿಂದ ಮೂರು ತಾಟು ತಂದು, ಸೀರೆಯ ತುದಿಯಿಂದ ಒರೆಸಿ ಕೊಟ್ಟಳು. ತಗ್ಗುಮುಗ್ಗು ಬಿದ್ದ, ಬೂದಿ ಬಣ್ಣದ, ಏನೂ ಕಾಣಿಸದ ತಾಟುಗಳು. ‘ಇಟಗೋ ತಮ್ಮಾ. ಚರಿಗಿ ಅವಸರಿಲ್ಲ.’

ಊಟದ ಹೊತ್ತಿಗೆ ಶರೀಫಾಬಿ ಆ ತಾಟುಗಳನ್ನೂ ಗೋಡೆಗೆ ಒರಗಿದ ತಾಟನ್ನೂ ನೋಡಿ, ಏನೋ ಕೇಳಲು ಬಾಯಿ ತೆರೆದು, ಕೇಳದೆ ಮೂರಕ್ಕೂ ಬಡಿಸಿದಳು. ಕಟಕ ರೊಟ್ಟಿ, ಪುಂಡಿಪಲ್ಯ, ಸ್ವಲ್ಪ ಬೇಳೆ. ಮೂವರಿಗೂ ಬೇರೆ ಬೇರೆ. ನಾಹೀದ ಕೋಣೆಯ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ತನಗೊಬ್ಬಳಿಗೇ ಬೇರೆ ಇಟ್ಟಿದ್ದಾರೋ ಎಂದು ಕಣ್ಣು ಹುಡುಕಿತು. ಅಪ್ಪನ ಮುಂದೆಯೂ ಜರ್ಮನ್ ತಾಟು ಕಂಡು ಒಂದು ಗಳಿಗೆ ನಿಂತಳು. ಆಮೇಲೆ ಬಂದು ಕೂತಳು.

ನೋಡಬೇಡಿ ಎಂದಿದ್ದರು ಡಾಕ್ಟರಮ್ಮ. ಎಷ್ಟು ಉಂಡಿ ಎಂದು ಕೇಳಬೇಡಿ, ದಪ್ಪ ತೆಳುವಿನ ಮಾತು ಬೇಡ, ಜೊತೆಗೆ ಕೂತು ಬೇರೆ ಏನಾದರೂ ಮಾತಾಡಿ. ಜೀವಮಾನವೆಲ್ಲ ಪಾತ್ರೆಯ ತಳ ನೋಡಿಯೇ ಬದುಕಿದವನಿಗೆ ಮಗಳ ತಾಟಿನ ಕಡೆ ನೋಡಬಾರದು ಎಂದರೆ ಅದೆಂಥ ಶಿಕ್ಷೆ. ಅವನು ಗೋಡೆಯ ಕಡೆ ತಿರುಗಿ ಕೂತ. ಎದುರಿಗೆ ಅಪ್ಪನ ತಾಟಿನ ಮಸಿ ಹಿಡಿದ ಬೆನ್ನು. ಏನು ಮಾತಾಡುವುದು? ಬಾಯಿಗೆ ಬಂದದ್ದು ಅದೊಂದೇ.

‘ಶರೀಫಾ, ನಿನಗ ನೆನಪದ ಏನ? ಆ ತಪೇಲಿ ತೇಲಿ ಹೋದದ್ದು. ಅಸೂಟಿ ಹಳ್ಳದಾಗ. ಯಾರದೋ ತಪೇಲಿ, ನಾ ಕಲಾಯಿ ಮಾಡಿಟ್ಟಿದ್ದೆ, ಮುಂದ ಮುಂದ ಅದು, ಹಿಂದ ಹಿಂದ ನಾವು. ನನ್ನ ಲುಂಗಿ ಜಾಲಿ ಮುಳ್ಳಿಗೆ ಸಿಕ್ಕು ಪರ್ ಅಂತ ಹರೀತು. ಅರಬಿ ಒಗ್ಯಾಕ ಬಂದಿದ್ದ ಹೆಣ್ಣಮಕ್ಕಳೆಲ್ಲ ಆಚಿ ಕಡೆ ಮುಖ ಮಾಡಿದ್ರು...’

‘ಹೌದ್ರಿ, ಹರದ ಲುಂಗೀನs ಸುತಗೊಂಡು ಬಂದಿದ್ರಿ ಮನಿಗೆ’ ಎಂದಳು ಶರೀಫಾಬಿ.

ಅವನು ಹೇಳುತ್ತಲೇ ಹೋದ. ನಿಲ್ಲಿಸಿದರೆ ಮನೆಯ ಮೌನ ಕೇಳಿಸುತ್ತದೆ ಎಂಬ ಭಯಕ್ಕೆ ಹಳ್ಳದ ನೀರು, ಮುಳ್ಳಿನ ಕಂಟಿ, ಓಡಿದ ದೂರ ಎಲ್ಲವನ್ನೂ ಹೆಚ್ಚು ಮಾಡಿ ಹೇಳಿದ. ಹಿಂದುಗಡೆ ಏನೂ ಸದ್ದಿಲ್ಲ. ಬೆನ್ನೇ ಕಿವಿಯಾಗಿತ್ತು. ತಪೇಲಿ ಕೊನೆಗೆ ಒಂದು ಬಂಡೆಗೆ ತಾಗಿ ನಿಂತದ್ದರವರೆಗೆ ಬಂದ, ಮುಂದೆ ಹೇಳಲು ಕಥೆ ಉಳಿಯಲಿಲ್ಲ. ಅಸೂಟಿಯವರು ಒಳ್ಳೆಯವರು, ಏನೂ ಅನ್ನಲಿಲ್ಲ ಎಂದು ಮತ್ತೆ ಎಳೆದ.

ಕಟಕ್ ಎಂದು ರೊಟ್ಟಿ ಮುರಿಯಿತು. ಸಣ್ಣ ಸದ್ದು. ಅವನ ಕುತ್ತಿಗೆ ತಾನಾಗಿ ತಿರುಗಲು ಹೊರಟಿತು; ತಡೆದ. ಮುರಿದರೇನಾಯಿತು, ಚೂರು ಮಾಡಿ ಬಿಡುವುದರಲ್ಲಿ ಅವಳು ಪಳಗಿದವಳು ಎಂದು ತನಗೆ ತಾನೇ ಹೇಳಿಕೊಂಡ. ಶರೀಫಾಬಿಯ ಬಳೆಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು.

‘ಅದು ಅಸೂಟಿ ಅಲ್ಲಬ್ಬಾ.’

ಮಾತು ಸ್ಪಷ್ಟವಿರಲಿಲ್ಲ, ಉಂಡೆಯುಂಡೆಯಾಗಿ ಹೊರಟಿತ್ತು. ಹಳೆಯ ಮಾತಿನ ಹಾಗೆ, ಬುತ್ತಿ ಬಿಚ್ಚಿದ ಮಧ್ಯಾಹ್ನಗಳ ಹಾಗೆ.

‘ಮೆಣಸಗಿ ಅದು. ಹಳ್ಳ ಅಲ್ಲ, ಹೊಳಿ.’

ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡಬ್ಯಾಡ ಎಂದು ಶರೀಫಾಬಿ ಬೈಯಲಿಲ್ಲ. ಅವನ ಕಣ್ಣ ಮುಂದಿನ ಮಸಿ ತಾಟು ಮಂಜಾಯಿತು. ತಿರುಗದೆ, ಒರೆಸಿಕೊಳ್ಳದೆ, ‘ಹೌದಲ್ಲ, ಮೆಣಸಗಿ. ಮರತಬಿಟ್ಟಿದ್ದೆ ನೋಡು. ಆಮ್ಯಾಲೆ ಏನಾತು, ನೀನs ಹೇಳು’ ಎಂದ.